ಜೇಜುರಿ ಗಾಡಿಯ ದಂಡ

ನರಹರಿ ಕಾಕಾ ಯಾರ ಮನೆಗೆ ಹೋದರೂ ಹೊಸ್ತಿಲ ಹೊರಗೆ ನಿಂತೇ ಮಾತು ಮುಗಿಸುತ್ತಿದ್ದರು. ಒಳಗೆ ಬಂದರೆ ಕೂಡಬೇಕು, ಕೂತರೆ ಚಹಾ ಬರುತ್ತದೆ, ಚಹಾ ಕುಡಿದರೆ ಅವರನ್ನು ತಿರುಗಿ ಮನೆಗೆ ಕರೆದು ಚಹಾ ಕೊಡುವ ತನಕ ಇವರಿಗೆ ಸಮಾಧಾನವಿಲ್ಲ. ಅಷ್ಟೆಲ್ಲ ರಗಳೆ ಯಾಕೆ, ನಿಂತುಬಿಡುವುದೇ ವಾಸಿ ಎಂಬುದು ಅವರ ವಿಚಾರ. ಪುಣೆಯ ಬಿಬವೇವಾಡಿಯಲ್ಲಿ, ನಮ್ಮ ಸೊಸೈಟಿಯ ಮೂರನೆಯ ಮಹಡಿಯಲ್ಲಿ, ಅವರ ಬಾಗಿಲು ನಮ್ಮ ಬಾಗಿಲು ಎದುರುಬದುರು. ಇಷ್ಟು ವರ್ಷ ಎದುರಿಗಿದ್ದರೂ ನಮ್ಮ ಸೋಫಾ ಮೆತ್ತಗಿದೆಯೋ ಗಟ್ಟಿಯಾಗಿದೆಯೋ ಅವರಿಗೆ ಗೊತ್ತಿರಲಿಲ್ಲ.

ಮಳೆ ಹೊಡೆಯುತ್ತಿದ್ದರೂ ಯಾರ ಸ್ಕೂಟರಿನ ಹಿಂದೆಯೂ ಹತ್ತಿದವರಲ್ಲ. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ಖಾತೆಯಲ್ಲಿದ್ದರಂತೆ. ಕಂಪನಿ ಬಸ್ಸಿನಲ್ಲಿ ಪಕ್ಕದವನ ಕೈಯಲ್ಲಿದ್ದ ಪೇಪರಿನ ದಪ್ಪ ಅಕ್ಷರವನ್ನು ಸಹ ಓದುತ್ತಿರಲಿಲ್ಲ, ಅದೂ ಒಂದು ಉಪಕಾರ ಆಗಿಬಿಡುತ್ತದೆ ಎಂದು ಮುಖ ಆಕಡೆ ತಿರುಗಿಸುತ್ತಿದ್ದರು ಎಂದು ಅವರ ಹೆಂಡತಿ ಕುಸುಮಾ ಕಾಕು ಹೇಳಿ ಹೇಳಿ ನಗುತ್ತಿದ್ದರು. ಕೇಳಿದರೆ ಕಾಕಾನದ್ದು ಒಂದೇ ಮಾತು: "ಯಾರ ಉಪಕಾರನೂ ಬ್ಯಾಡವಾ ಶೈಲಾ. ತೀರಸೂದ್ರಾಗ ಅರ್ಧ ಜನ್ಮ ಹೋಗ್ತದ." ನನಗೆ ಈ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ನೆರೆಹೊರೆ ಅಂದಮೇಲೆ ಕೊಡುವುದು ತೊಗೊಳ್ಳುವುದು ಇದ್ದೇ ಇರುತ್ತದೆ. ಅದನ್ನೂ ಬೇಡ ಅನ್ನುವವರು ಕಾಡಿನಲ್ಲಿರಬೇಕು ಎಂದು ನಮ್ಮ ಮನೆಯವರ ಮುಂದೆ ವಟಗುಟ್ಟುತ್ತಿದ್ದೆ.

ಕಾಕು ಇದಕ್ಕೆ ಪೂರ್ತಿ ಉಲ್ಟಾ. ಬೈಲಹೊಂಗಲದ ಈ ಬಿರುಸು ಗಂಡನಿಗೆ ಸವದತ್ತಿ ಕಡೆಯ ಆ ನಗುಮುಖದ ಹೆಂಗಸನ್ನು ಯಾರು ಗಂಟುಹಾಕಿದರೋ. ಅವರ ಅರ್ಧ ಸಂಸಾರ ನಮ್ಮ ಅಡುಗೆಮನೆಯಲ್ಲೇ ನಡೆಯುತ್ತಿತ್ತು. ಸಕ್ಕರೆ, ಕರಿಬೇವು, ಮಿಕ್ಸರಿನ ಜಾರು, ಎಲ್ಲವನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಒಯ್ಯುತ್ತಿದ್ದರು, ಕಾಕಾ ಸ್ನಾನಕ್ಕೆ ಹೋದ ಹೊತ್ತು ನೋಡಿ. "ಅವರಿಗೆ ಹೇಳಬ್ಯಾಡ. ಗೊತ್ತಾದ್ರ ನಿನಗ ಒಂದ ಕಿಲೋ ಸಕ್ರಿ ತಂದ ಹಾಕ್ತಾರ" ಎಂದು ಕಣ್ಣು ಮಿಟುಕಿಸುತ್ತಿದ್ದರು.

ಆ ಕಾಕೂಗೆ ಕ್ಯಾನ್ಸರ್ ಆಯಿತು. ಆಪರೇಷನ್ ಆಯಿತು, ಔಷಧದಲ್ಲಿ ಕೂದಲೆಲ್ಲ ಉದುರಿತು. ಕಾಕಾ ಒಬ್ಬರೇ ಎಲ್ಲ ಮಾಡಿದರು. ವಿಜಯಪುರದಲ್ಲಿರುವ ಮಗಳು ಬಂದು ಹೋಗುತ್ತಿದ್ದಳು, ಆದರೆ ಆಸ್ಪತ್ರೆಗೆ ಊಟದ ಡಬ್ಬಿ ಒಯ್ಯುತ್ತೇನೆ ಎಂದ ನನಗೆ ಕಾಕಾ ಹೊಸ್ತಿಲಲ್ಲೇ ಕೈಮುಗಿದರು. ಅಂತೂ ಕಾಕು ಎದ್ದು ಮನೆಗೆ ಬಂದರು. ಕೂದಲು ಮತ್ತೆ ಹುಡುಗರ ಹಾಗೆ ಗಿಡ್ಡಗೆ ಚಿಗುರಿತು. ಆಗ ಹೊರಬಿದ್ದದ್ದು ಆ ಹರಕೆಯ ಸುದ್ದಿ.

ಅವರ ಮನೆದೇವರು ಮೈಲಾರಲಿಂಗ. ಈ ಸೀಮೆಗೆ ಬಂದ ಮೇಲೆ ಅವನೇ ಜೇಜುರಿಯ ಖಂಡೋಬಾ. ಆಸ್ಪತ್ರೆಯ ಹಾಸಿಗೆಯ ಮೇಲಿಂದಲೇ ಕಾಕು ಅವನಿಗೆ ಮಾತು ಕೊಟ್ಟುಬಿಟ್ಟಿದ್ದರು: ನಾನು ಎದ್ದರೆ, ನಮ್ಮ ಮನೆಯವರು ಭಿಕ್ಷೆ ಬೇಡಿ ನನ್ನನ್ನು ನಿನ್ನ ಹತ್ತಿರ ಕರೆತರುತ್ತಾರೆ. ಅವರ ಮನೆತನದಲ್ಲಿ ಹಳೆಯ ಪದ್ಧತಿಯಂತೆ. ಹೋಗುವ ಖರ್ಚು, ಬರುವ ಖರ್ಚು, ಪೂಜೆ, ನೈವೇದ್ಯ, ಎಲ್ಲ ಬೇಡಿದ್ದರಲ್ಲೇ ಆಗಬೇಕು. ಮನೆಯದೊಂದು ಪೈಸೆ ಕೂಡಬಾರದು. ಬೇಡುವುದು ರವಿವಾರ ಮಾತ್ರ, ಮಧ್ಯಾಹ್ನ ಹನ್ನೆರಡರೊಳಗೆ. ಒಂದು ಸಲ ಹೊರಟರೆ ಒಂದು ಮನೆಯಿಂದ ಒಂದು ಮುಷ್ಟಿ ಕಾಳು, ಮೇಲೊಂದು ನಾಣ್ಯ, ಅದಕ್ಕಿಂತ ಹೆಚ್ಚು ತೊಗೊಳ್ಳುವ ಹಾಗಿಲ್ಲ. ಬೇಡಿದ್ದು ದೇವರಿಗೆ ಮುಟ್ಟುವ ತನಕ ಬೇಡಿದವರ ಮನೆಯ ಹೊಸ್ತಿಲು ದಾಟಬಾರದು. ಉಳಿದದ್ದನ್ನು ಗುಡ್ಡದ ಮೇಲೇ ಕೊಟ್ಟು ಬರಬೇಕು.

"ನನ್ನ ಕೇಳದನ ನನ್ನ ಹೆಸರಿಲೆ ಹೊತ್ತಾಳ ನೋಡವಾ!" ಕಾಕಾ ನಮ್ಮ ಬಾಗಿಲಲ್ಲಿ ನಿಂತು ಕೂಗಾಡಿದರು. "ಹೊತ್ತಾಕಿ ತಾ, ಬೇಡಬೇಕಾದಂವ ನಾ. ತಾನ ಬೇಡ್ಕೊಳ್ಳಿ."

ಕಾಕು ಒಳಗಿನಿಂದಲೇ ಹೇಳಿದರು: "ನಾ ಬೇಡಿದ್ರ ಅದರಾಗ ಹರಕಿ ಏನ ಬಂತ್ರಿ? ನಾ ದಿನಾ ಶೈಲಾನ ಮನ್ಯಾಗ ಬೇಡ್ತೀನಿ. ನೀವು ಬೇಡಿದ್ರ ದೇವರಿಗೂ ಗೊತ್ತಾಗ್ತದ, ಮನಷ್ಯಾ ಖರೇನ ಬಾಗ್ಯಾನ ಅಂತ."

ದಿನಾ ಬೇಡುವ ಮಾತು ಕಾಕಾನಿಗೆ ಅವತ್ತು ಗೊತ್ತಾಯಿತು. ಮರುದಿನ ನಮ್ಮ ಮನೆಗೆ ಸಕ್ಕರೆಯ ಚೀಲ ಬಂತು.

ಆದರೂ ಮುಂದಿನ ರವಿವಾರ ಅವರು ಹೊರಟರು. ಹಳದಿ ಬಟ್ಟೆಯ ಜೋಳಿಗೆ, ಹಣೆತುಂಬ ಭಂಡಾರ, ಅಂದರೆ ಆ ದೇವರ ಅರಿಶಿಣದ ಪುಡಿ. ಮೊದಲ ಬಾಗಿಲು ನಮ್ಮದೇ. ನಾನು ಮೊರದಲ್ಲಿ ಜೋಳ ಹಿಡಿದುಕೊಂಡು ಕಾಯುತ್ತಿದ್ದೆ. ಕಾಕಾ ಬಂದು ನಿಂತರು. ಬಾಯಿ ಬಿಡಲೊಲ್ಲರು. ಹಿಂದಿನಿಂದ ಕಾಕು ತಿವಿದರು. ಇವರು ಗಂಟಲು ಸರಿಮಾಡಿಕೊಂಡು, ಹಾಲಿನ ಬಿಲ್ಲು ಕೇಳಲು ಬಂದವರ ಹಾಗೆ, "ಹಾಂ... ನಾ ಬಂದೀನಿ" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಕಾಕುವೇ "ಏಳಕೋಟಿ ಏಳಕೋಟಿಗೋ" ಎಂದು ಮೈಲಾರನ ಘೋಷ ಕೂಗಿದರು. ಜೋಳಿಗೆಗೆ ಜೋಳ ಬೀಳುವಾಗ ಕಾಕಾ ಮುಖ ಆಕಡೆ ತಿರುಗಿಸಿದ್ದರು.

ಅವತ್ತು ನಮ್ಮ ಸುತ್ತಲಿನ ಕನ್ನಡದ ಮನೆಗಳೆಲ್ಲ ಹಬ್ಬದ ಹಾಗೆ ನಡೆದುಕೊಂಡವು. ಹೆಂಗಸರು ಅವರ ಕಾಲಿಗೆ ನೀರು ಹಾಕಿ ನಮಸ್ಕಾರ ಮಾಡಿದರು. ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಮೈಸೂರಿನ ಹುಡುಗಿ ಸ್ಫೂರ್ತಿ, ಐಟಿಯವಳು, ಫೋಟೋ ತೆಗೆದು ಕನ್ನಡ ಮಂಡಳಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಿದ್ದವು. ಮಂಡಳಿಯ ಅಧ್ಯಕ್ಷರು ಇನಾಮದಾರ ಸಾಹೇಬರು, ದೊಡ್ಡ ಕಾಂಟ್ರ್ಯಾಕ್ಟರು, "ನಮ್ಮ ಸಂಸ್ಕೃತಿ ನಮ್ಮ ಹೆಮ್ಮೆ" ಎಂದು ಬರೆದರು. ಮಧ್ಯಾಹ್ನ ತುಂಬಿದ ಜೋಳಿಗೆಯನ್ನು ಕಾಕಾ ತಂದು ನಮ್ಮ ಬಾಲ್ಕನಿಯ ಮೊಳೆಗೆ ತೂಗುಹಾಕಿದರು. ಅವರ ಮನೆಗೆ ಒಯ್ಯುವ ಹಾಗಿರಲಿಲ್ಲವಲ್ಲ. ಆ ನೆಪದಲ್ಲಿ ಮೊದಲ ಸಲ ಅವರು ನಮ್ಮ ಮನೆಯೊಳಗೆ ಕಾಲಿಟ್ಟರು. "ಮಂದಿ ಎಷ್ಟ ಛಲೋ ಇದ್ದಾರಲ್ಲವಾ" ಎಂದರು, ಏನೋ ಹೊಸದು ಕಂಡವರ ಹಾಗೆ.

ಜೇಜುರಿಗೆ ನಾನೂ ಜೊತೆಗೆ ಹೋದೆ. ಕಾಕು ಇನ್ನೂ ಅಶಕ್ತರು, ಹೆಂಗಸೊಬ್ಬಳು ಜೊತೆಗಿರಲಿ ಎಂದು. ನನ್ನ ಟಿಕೆಟ್ ನಾನು ತೆಗೆದೆ. ಅವರಿಬ್ಬರದನ್ನು ಕಾಕಾ ಭಿಕ್ಷೆಯ ನಾಣ್ಯದಲ್ಲಿ ತೆಗೆದರು, ಹೋಗುವುದಕ್ಕೂ ಬರುವುದಕ್ಕೂ, ಸಾದಾ ಪ್ಯಾಸೆಂಜರ್ ಗಾಡಿಯದು. ಕೌಂಟರಿನವನು ಚಿಲ್ಲರೆಯ ರಾಶಿ ನೋಡಿ ಮುಖ ಸಿಂಡರಿಸಿದ. ಹಣೆಯ ಭಂಡಾರ ನೋಡಿ ಎಣಿಸತೊಡಗಿದ.

ಆ ಗುಡ್ಡದ ಮೆಟ್ಟಿಲಲ್ಲಿ ಹೊಸದಾಗಿ ಮದುವೆಯಾದವನು ಹೆಂಡತಿಯನ್ನು ಎತ್ತಿಕೊಂಡು ಒಂದಷ್ಟು ಹತ್ತಬೇಕು ಎಂಬ ರೂಢಿಯಿದೆ. ನಮ್ಮ ಮುಂದೆಯೇ ಒಬ್ಬ ಹುಡುಗ ಕೆಂಪು ಮುಖ ಮಾಡಿಕೊಂಡು ಎತ್ತುತ್ತಿದ್ದ. ಕಾಕು ಗಂಡನ ಕಡೆ ನೋಡಿದರು. "ಮದಿವ್ಯಾದಾಗ ನೀವು ಎತ್ತಲಿಲ್ಲ. ಸೊಂಟ ಹಿಡೀತದ ಅಂದ್ರಿ." ಕಾಕಾ ಸುತ್ತಮುತ್ತ ನೋಡಿದರು, ಚಪ್ಪಲಿ ಬಿಟ್ಟರು, ಎತ್ತಿಯೇಬಿಟ್ಟರು. ಎಳೆಯ ಹುಡುಗಿಯಂತೆ ಕಾಕು ನಕ್ಕರು. ಸುತ್ತಲಿನವರು ಭಂಡಾರ ತೂರಿದರು. ಕೆಳಗಿಳಿಸಿ ನನ್ನ ಪಕ್ಕಕ್ಕೆ ಬಂದ ಕಾಕಾ ಮಾತ್ರ ನಗುತ್ತಿರಲಿಲ್ಲ. "ಏನೂ ಭಾರನ ಇಲ್ಲವಾ ಆಕಿ" ಎಂದು ಮೆಲ್ಲಗೆ ಹೇಳಿದರು.

ಪೂಜೆ ಮುಗಿಸಿ, ಉಳಿದ ಕಾಳು, ಉಳಿದ ನಾಣ್ಯ ಎಲ್ಲವನ್ನೂ ಮೇಲೆಯೇ ಕೊಟ್ಟು, ಬರಿದಾದ ಜೋಳಿಗೆ ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿಗೆ ಬಂದೆವು. ನಮ್ಮ ಪ್ಯಾಸೆಂಜರ್ ಗಾಡಿ ಎಲ್ಲೋ ನಿಂತುಬಿಟ್ಟಿತ್ತು. ಕಾಕೂಗೆ ಕೂಡಲಿಕ್ಕೂ ಆಗುತ್ತಿರಲಿಲ್ಲ, ತುಟಿ ಬಿಳಿಚಿತ್ತು. ಅಷ್ಟರಲ್ಲಿ ಪುಣೆ ಕಡೆಯ ಎಕ್ಸ್‌ಪ್ರೆಸ್ಸೊಂದು ಬಂದು ನಿಂತಿತು. ಎದುರಿಗೇ ರಿಸರ್ವೇಷನ್ ಡಬ್ಬಿ, ಒಳಗೆ ಖಾಲಿ ಸೀಟು. ಕಾಕು ಯಾರನ್ನೂ ಕೇಳದೆ ಕಂಬಿ ಹಿಡಿದು ಹತ್ತಿ, ಒಳಗೆ ಹೋಗಿ ಮಲಗಿಬಿಟ್ಟರು. "ಕುಸುಮಾ, ನಮ್ಮ ಟಿಕೀಟ ಇದಕ್ಕ ನಡಿಯೂದಿಲ್ಲ!" ಎಂದು ಕಾಕಾ ಕೂಗುತ್ತಿದ್ದಂತೆಯೇ ಗಾಡಿ ಅಲುಗಿತು. ಜೀವನದಲ್ಲಿ ಒಂದು ಸಣ್ಣ ಕಾನೂನನ್ನೂ ಮುರಿಯದ ಮನುಷ್ಯ, ಹೆಂಡತಿಯ ಹಿಂದೆ ಹತ್ತಿದರು. ನಾನೂ ಹತ್ತಿದೆ.

ಸ್ವಲ್ಪ ಹೊತ್ತಿಗೆ ಟಿಸಿ ಬಂದ. ಮರಾಠಿ ಮನುಷ್ಯ, ನಡುವಯಸ್ಸು. ಟಿಕೆಟ್ ನೋಡಿ, ವ್ಯತ್ಯಾಸದ ದುಡ್ಡೂ ದಂಡವೂ ತುಂಬಬೇಕು ಎಂದ. ನನ್ನದನ್ನು ನಾನು ತುಂಬಿದೆ. ಕಾಕಾನ ಅಂಗಿಯ ಕಿಸೆಯಲ್ಲಿ ಅಷ್ಟು ದುಡ್ಡು ಇದ್ದೇ ಇತ್ತು. ಬಟ್ಟೆ ತೆಳ್ಳಗಿತ್ತು, ಟಿಸಿಗೂ ಕಾಣುತ್ತಿತ್ತು. ಕಾಕಾ ಎದ್ದು ನಿಂತು ಮರಾಠಿಯಲ್ಲಿ ಹೇಳಿದರು: ತಪ್ಪು ನನ್ನದು, ದಂಡ ಒಪ್ಪಿದ್ದೇನೆ, ಕಿಸೆಯಲ್ಲಿ ದುಡ್ಡೂ ಇದೆ, ಆದರೆ ಇದರಲ್ಲಿ ಕೊಡಲಿಕ್ಕೆ ಬರುವುದಿಲ್ಲ. ಟಿಸಿ ನನ್ನ ಕಡೆ ನೋಡಿದ, ಇವರಿಗೆ ತಲೆ ನೆಟ್ಟಗಿದೆಯೇ ಎನ್ನುವ ಹಾಗೆ. ನಾನು ಪರ್ಸು ತೆಗೆದು "ನಾ ಕೊಡ್ತೀನ್ರಿ ಕಾಕಾ, ನನ್ನದೂ ಭಿಕ್ಷಾ ಅಂತನ ತಿಳ್ಕೋರಿ" ಎಂದೆ. "ನಿನ್ನ ಮನೀದು ಈ ಸಲದ್ದು ಒಂದ ಮುಷ್ಟಿ ಆಗ್ಯದ. ಪರ್ಸ್ ಒಳಗಿಡು" ಅಂದರು.

ಕಾಕು ಕಣ್ಣು ಬಿಟ್ಟು ಎದ್ದು ಕೂತಿದ್ದರು. ಅವರ ಮುಖ ನೋಡಿ ನನಗೆ ಹೆದರಿಕೆಯಾಯಿತು. "ಮನೀ ರೊಕ್ಕ ಕೊಡಬ್ಯಾಡ್ರಿ" ಎಂದು ಗಂಡನ ಅಂಗಿಯ ತುದಿ ಹಿಡಿದುಕೊಂಡರು. "ಬರೂ ದಾರಿ ಇನ್ನ ಮುಗದಿಲ್ಲ."

ಟಿಸಿ ಬೇರೆ ಯಾರಾದರೂ ಆಗಿದ್ದರೆ ಪುಣೆ ಸ್ಟೇಷನ್ನಿನಲ್ಲಿ ಪೊಲೀಸರ ಕೈಗೆ ಕೊಟ್ಟು ಮುಗಿಸುತ್ತಿದ್ದ. ಇವನು ಕಾಕೂನ ಗಿಡ್ಡ ಕೂದಲು ನೋಡಿದ, ಖಾಲಿ ಜೋಳಿಗೆ ನೋಡಿದ. "ಆಮಚಂ ಸುದ್ಧಾ ಕುಲದೈವತ ಖಂಡೋಬಾಚ" ಅಂದ. ನಮ್ಮ ಮನೆದೇವರೂ ಅವನೇ. ಹೆಸರು, ವಿಳಾಸ, ಆಧಾರ್ ಬರೆದುಕೊಂಡು ಒಂದು ಕಾಗದ ಹರಿದು ಕೊಟ್ಟು, ಗಡುವಿನೊಳಗೆ ಸ್ಟೇಷನ್ನಿನ ಆಫೀಸಿನಲ್ಲಿ ತುಂಬಿ, ಇಲ್ಲವಾದರೆ ಕೋರ್ಟಿಗೆ ಹೋಗುತ್ತದೆ, ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಎರಡೆರಡು ಸಲ ಹೇಳಿದ. ಹೋಗುವಾಗ ಕಾಕೂನ ಕೈಯಿಂದ ಭಂಡಾರ ಹಚ್ಚಿಸಿಕೊಂಡು ಹೋದ. ಈ ಇಡೀ ವ್ಯವಹಾರದಲ್ಲಿ ಮನುಷ್ಯನ ಹಾಗೆ ನಡೆದುಕೊಂಡವನು, ದಂಡ ಹಾಕಿದ ಆ ಒಬ್ಬನೇ ಎಂದು ಈಗ ಅನ್ನಿಸುತ್ತದೆ.

ಇಬ್ಬರ ದಂಡ ಸೇರಿ ಏನು ಮಹಾ. ಒಂದು ಸಾಧಾರಣ ಹೋಟೆಲಿನಲ್ಲಿ ನಾಲ್ಕು ಜನ ಉಂಡು ಎದ್ದರೆ ಆಗುವಷ್ಟು. ಆದರೆ ಒಂದು ಮನೆಗೆ ಒಂದು ನಾಣ್ಯ ಎಂದರೆ ಅದು ಬಹಳ ಮನೆ.

ಮುಂದಿನ ರವಿವಾರ ಕಾಕಾ ಮತ್ತೆ ಹೊರಟರು. ಈ ಸಲ ಒಬ್ಬರೇ. ಕಾಕೂಗೆ ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ. ನಮ್ಮ ಬಾಗಿಲಲ್ಲಿ ನಿಂತು ಕಾಕಾ ತಾವೇ ಗಟ್ಟಿಯಾಗಿ ಏಳಕೋಟಿ ಕೂಗಿದರು. ಹೋದ ಸಲದ ಹಾಗೆ ತಡವರಿಸಲಿಲ್ಲ. ನನಗೆ ಸಂತೋಷವೇ ಆಯಿತು, ಮನುಷ್ಯ ಕಲಿತರು ಎಂದು. ಆದರೆ ಈ ಸಲ ಬೇರೆಯವರು ಕಲಿಯದೆ ಹೋದರು.

ಮೊದಲ ಸಲ ಕಾಲಿಗೆ ನೀರು ಹಾಕಿದ ಮನೆಯಲ್ಲೇ, "ಮತ್ತ ಯಾಕ್ರಿ ಕಾಕಾ? ಹೋಗಿ ಬಂದದ್ದಾತಲ್ಲ?" ಎಂದು ಕೇಳಿದರು. ಇವರಿಗೆ ಸುಳ್ಳು ಬರುವುದಿಲ್ಲ. ರೈಲಿನ ದಂಡ ತುಂಬಬೇಕು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಂಬದವರ ಮುಂದೆ ಟಿಸಿ ಕೊಟ್ಟ ಕಾಗದವನ್ನೂ ಬಿಚ್ಚಿ ತೋರಿಸಿದರು. ದೇವರಿಗೆ ಕೊಡುವ ಮುಷ್ಟಿ ಬೇರೆ, ರೈಲಿನ ದಂಡಕ್ಕೆ ಕೊಡುವುದು ಬೇರೆ ಎಂದು ಮಂದಿಗೆ ಅನ್ನಿಸಿತು. ಬರುವ ದಾರಿಯೂ ಹರಕೆಯ ಒಳಗೇ ಬರುತ್ತದೆ ಎಂದು ಇವರು ಹೇಳಿದರೆ ಕೇಳುವ ತಾಳ್ಮೆ ಯಾರಿಗಿತ್ತು? ಕೆಲವರು ಒಳಗಿದ್ದೇ ಬಾಗಿಲು ತೆರೆಯಲಿಲ್ಲ. ಒಬ್ಬಾಕೆ ಮೊಮ್ಮಗನ ಕೈಯಲ್ಲಿ ನಾಣ್ಯ ಕೊಟ್ಟು "ದೂರದಿಂದ ಹಾಕಿ ಬಾ" ಎಂದಳಂತೆ.

ಸ್ಫೂರ್ತಿಯೊಬ್ಬಳು ಮನಸ್ಸಿನಲ್ಲಿ ಒಳ್ಳೆಯದಿಟ್ಟುಕೊಂಡು ಕೇಳಿದಳು. "ಅಂಕಲ್, ಟೋಟಲ್ ಎಷ್ಟು ಅಂತ ಹೇಳಿಬಿಡಿ. ನಾನೇ ಫುಲ್ ಟ್ರಾನ್ಸ್‌ಫರ್ ಮಾಡ್ತೀನಿ. ನೀವ್ಯಾಕೆ ಸುಮ್ನೆ ಈ ಬಿಸಿಲಲ್ಲಿ ಸುತ್ತಾಡ್ತೀರಾ?"

"ನಿನ್ನ ಹೊಟ್ಟಿ ತಣ್ಣಗಿರಲಿ. ಒಂದ ನಾಣ್ಯ ಹಾಕವಾ, ಸಾಕು."

"ಆದ್ರೆ ಲಾಜಿಕ್ ಏನು ಅಂಕಲ್?"

"ಒಬ್ಬರ ಕೊಟ್ರ ಅದು ಉಪಕಾರ ಆಗ್ತದ. ಎಲ್ಲಾರೂ ಒಂದೊಂದ ಕೊಟ್ರ ಭಿಕ್ಷಾ." ಅವಳು ನಗಲಿಲ್ಲ. ಮನೆಯಲ್ಲಿ ನಾಣ್ಯವೇ ಇಲ್ಲವೆಂದು ಕೆಳಗಿನ ಅಂಗಡಿಗೆ ಓಡಿ ಚಿಲ್ಲರೆ ತಂದು ಹಾಕಿದಳು.

ಆ ರಾತ್ರಿಯೇ ಟಿಸಿಯ ಕಾಗದದ ಫೋಟೋ ಮಂಡಳಿಯ ವಾಟ್ಸಾಪ್ ಗುಂಪಿನಲ್ಲಿ ಬಿತ್ತು. ತೋರಿಸಿದಾಗ ಯಾರೋ ತೆಗೆದುಕೊಂಡಿದ್ದರು. ಕೆಳಗೆ ಒಬ್ಬ ಬರೆದಿದ್ದ: "ಸ್ವಂತ ಫ್ಲ್ಯಾಟ್ ಅದ, ಪೆನ್ಶನ್ ಬರ್ತದ, ರೈಲಿನ ದಂಡಕ್ಕ ಭಿಕ್ಷಾ ಬೇಡ್ತಾರ. ಮರಾಠಿ ಮಂದಿ ಮುಂದ ನಮ್ಮ ಮಾನ ಹೋತು." ಅದರ ಕೆಳಗೆ ಹಲ್ಲುಕಿಸಿಯುವ ಹಳದಿ ಮುಖಗಳು. ಮೊನ್ನೆ ಮೊನ್ನೆ ಕೈಮುಗಿದಿದ್ದ ಅದೇ ಜನ. ನನಗೆ ಮೈಯೆಲ್ಲ ಉರಿಯಿತು. ನಾನೂ ನಾಲ್ಕು ಮಾತು ಬರೆದೆ. ಯಾರೂ ಉತ್ತರ ಕೊಡಲಿಲ್ಲ, ಮರುದಿನ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಬಂತು, ಅಷ್ಟೆ. ವಾರದೊಳಗೆ ಸೊಸೈಟಿಯ ಗೇಟಿನಲ್ಲಿ ಮರಾಠಿಯಲ್ಲಿ ಒಂದು ಸೂಚನೆ ಅಂಟಿತು, ಆವರಣದೊಳಗೆ ಭಿಕ್ಷೆ ಬೇಡುವುದನ್ನು ನಿಷೇಧಿಸಲಾಗಿದೆ ಎಂದು. ಹೆಸರು ಹಾಕಿರಲಿಲ್ಲ. ಕಾಕಾ ಅದನ್ನು ಪೂರ್ತಿ ಓದಿ, ಕನ್ನಡಕ ಒರೆಸಿಕೊಂಡು, ಮುಂದಿನ ರವಿವಾರದಿಂದ ದೂರದ ಓಣಿಗಳಿಗೆ ಹೋಗತೊಡಗಿದರು.

ಆ ಓಣಿಗಳಲ್ಲಿ ಮಾತ್ರ, ಗುರುತಿಲ್ಲದ ಮರಾಠಿ ಮನೆಗಳವರು, ಖಂಡೋಬಾನ ಹೆಸರು ಕೇಳಿ ಏನೂ ಪ್ರಶ್ನೆ ಮಾಡದೆ ಕೊಟ್ಟರಂತೆ. ಆದರೆ ಬಿಸಿಲು, ವಯಸ್ಸು, ಹನ್ನೆರಡರೊಳಗೆ ಮುಗಿಸಬೇಕೆಂಬ ನೇಮ. ಒಂದು ರವಿವಾರಕ್ಕೆ ಕೆಲವೇ ಮನೆ ಆಗುತ್ತಿತ್ತು. ಗಡುವು ದಾಟಿತು. ಮನೆಗೆ ರೈಲಿನವರ ಪತ್ರ ಬಂತು, ಬಾಕಿ ತುಂಬದಿದ್ದರೆ ಕೋರ್ಟಿಗೆ ಹಾಜರಾಗಬೇಕೆಂದು. ಆ ಹೊತ್ತಿಗೇ ಕಾಕೂನ ರೋಗ ತಿರುಗಿ ಬಂದಿತ್ತು. ಡಾಕ್ಟರರು ಈ ಸಲ ಆಪರೇಷನ್ನಿನ ಮಾತೆತ್ತಲಿಲ್ಲ.

ಕಾಕೂಗೆ ಸಾಯುವ ಹೆದರಿಕೆ ಇರಲಿಲ್ಲ. ದೇವರ ಬಾಕಿ ಇಟ್ಟುಕೊಂಡು ಹೋಗುವ ಹೆದರಿಕೆ ಇತ್ತು. "ಆತೇನ? ಆತೇನ?" ಎಂದು ದಿನಾ ಕೇಳುವರು. "ಇನ್ನ ಸ್ವಲ್ಪ ಅದ" ಎಂದು ಕಾಕಾ ಹೇಳುವರು. ನಮ್ಮ ಬಾಲ್ಕನಿಯ ಜೋಳಿಗೆ ಭಾರವಾಗಿ ಮೊಳೆ ಬಾಗುತ್ತಿತ್ತು. ಇನ್ನೊಂದು ರವಿವಾರ ಸಿಕ್ಕಿದ್ದರೆ ಮುಗಿದುಹೋಗುತ್ತಿತ್ತು.

ಆ ಶನಿವಾರ ಕನ್ನಡ ಮಂಡಳಿಯ ವಾರ್ಷಿಕ ಸಮಾರಂಭ. ಹಿರಿಯರೆಲ್ಲ ಬರಲೇಬೇಕು ಎಂದು ಇನಾಮದಾರರು ಕಾರು ಕಳಿಸಿದರು. ಕಾಕಾ ಕಾರು ಹತ್ತದೆ ಸಿಟಿ ಬಸ್ಸಿನಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕೂತರು. ಭಾಷಣದ ನಡುವೆ ಇನಾಮದಾರರು ಅವರ ಹೆಸರು ಕೂಗಿದರು. ಏನೋ ಶಾಲು ಹೊದಿಸುತ್ತಾರೆ ಎಂದುಕೊಂಡು ಕಾಕಾ ಮುಜುಗರದಿಂದ ಮೇಲೆ ಹೋದರು. ಶಾಲು ಹೊದಿಸಿದ್ದೂ ಆಯಿತು. ಆಮೇಲೆ ಇನಾಮದಾರರು ಕಿಸೆಯಿಂದ ಒಂದು ರಸೀದಿ ತೆಗೆದು ಮೈಕಿನಲ್ಲಿ ಹೇಳಿದರು:

"ನಮ್ಮ ನರಹರಿರಾಯರು ಒಂದ ಸಣ್ಣ ಅಡಚಣ್ಯಾಗ ಇದ್ರು. ಈ ವಯಸ್ಸಿನ್ಯಾಗ ಮನಿ ಮನಿ ತಿರಗೂ ಹಂಗಾತು. ನಮ್ಮವರ ಮಾನ ಅಂದ್ರ ನಮ್ಮ ಮಾನ ಅಲ್ಲೇನ್ರಿ? ನಿನ್ನೆ ನಮ್ಮ ಮನಷ್ಯಾನ ಸ್ಟೇಷನ್ನಿಗೆ ಕಳಿಸಿ ಪೂರ್ತಿ ದಂಡ ತುಂಬಿಸೇನಿ. ತಗೋರಿ ರಾಯರ, ಇನ್ನ ಟೆನ್ಶನ್ ಬಿಡ್ರಿ."

ಸಭೆ ಚಪ್ಪಾಳೆ ಹೊಡೆಯಿತು. ಬಹಳ ಹೊತ್ತು ಹೊಡೆಯಿತು. ನಾನು ಕೂತಲ್ಲೇ ಕುದಿಯುತ್ತಿದ್ದೆ. ಕಾಕಾ ರಸೀದಿ ಹಿಡಿದು ನಿಂತಿದ್ದರು. ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಮೆಟ್ಟಿಲಿಳಿದು, ನೇರ ಹೊರಗೆ ಹೋದರು. "ಭಾಳ ಸ್ವಾಭಿಮಾನದ ಮನಷ್ಯಾ" ಎಂದು ಇನಾಮದಾರರು ಅದನ್ನೂ ಹೊಗಳಿ ಮುಂದಿನ ಭಾಷಣ ಸುರು ಮಾಡಿದರು.

ನಾನು ಮನೆ ಮುಟ್ಟುವ ಹೊತ್ತಿಗೆ ಕಾಕಾ ನಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಒಳಗೆ ಬರ್ರಿ ಎಂದೆ. ಬರಲಿಲ್ಲ.

"ಶೈಲಾ, ಒಂದ ಬೇಡಲಿಕ್ಕೆ ಬಂದೀನಿ." ಅವರ ದನಿಯೇ ಬೇರೆಯಾಗಿತ್ತು. "ಇದು ದೇವರ ಹೆಸರಿಲೆ ಅಲ್ಲ. ನನಗ. ಕುಸುಮಾಗ ಹೇಳು, ಭಿಕ್ಷಾದ್ದು ಪೂರಾ ಆತು, ಅದರಾಗ ದಂಡ ತುಂಬಿ ಬಂದೆ, ನೀನೂ ಕೂಡ ಬಂದಿದ್ದಿ ಅಂತ. ಆಕಿ ನನ್ನ ಮಾರಿ ನೋಡಿದ್ರ ತಿಳ್ಕೋತಾಳ. ನೀ ಹೇಳಿದ್ರ ನಂಬ್ತಾಳ."

ಹೇಳಿದೆ. ಮರುದಿನ ರವಿವಾರ ಮಧ್ಯಾಹ್ನ ಕಾಕೂನ ಹಾಸಿಗೆಯ ತುದಿಗೆ ಕೂತು, ಸ್ಟೇಷನ್ನಿನ ಆಫೀಸು, ನಾಣ್ಯ ಎಣಿಸಲು ಬೇಸರ ಮಾಡಿದ ಕಾರಕೂನ, ಎಲ್ಲ ಕಣ್ಣಿಗೆ ಕಟ್ಟುವ ಹಾಗೆ ಹೇಳಿದೆ. ಅವರು ಆ ಕಾರಕೂನನ ಮೇಲೆ ನಕ್ಕರು. ಗಂಡನನ್ನು ಹತ್ತಿರ ಕರೆದು ತಲೆಯ ಮೇಲೆ ಕೈಯಿಟ್ಟು, "ಛಲೋ ಮಾಡಿದ್ರಿ. ಯಾರ ಮುಂದೂ ಬಾಗದವ್ರು ನನ್ನ ಸಲುವಾಗಿ ಬಾಗಿದ್ರಿ" ಎಂದರು. ಕಾಕಾ ತಲೆ ತಗ್ಗಿಸಿ ಕೂತಿದ್ದರು. ಆ ವಾರವೇ ಕಾಕು ಹೋದರು, ನಿಶ್ಚಿಂತೆಯಾಗಿ.

ಹದಿಮೂರನೆಯ ದಿನದ ಊಟಕ್ಕೆ ಇನಾಮದಾರರೂ ಬಂದಿದ್ದರು. ಎಲೆ ಎತ್ತಿದ ಮೇಲೆ ಕಾಕಾ ನಮ್ಮ ಬಾಲ್ಕನಿಯಿಂದ ಜೋಳಿಗೆ ತರಿಸಿ, ಅದರ ಮೇಲೆ ಕಡಿಮೆ ಬಿದ್ದಷ್ಟನ್ನು ತಮ್ಮ ಪೆನ್ಶನ್ನಿನಿಂದ ಇಟ್ಟು, ಅವರ ಮುಂದೆ ಹಿಡಿದರು. "ನಿಮ್ಮದು ನಿಮಗ ಮುಟ್ಟಲಿ" ಎಂದರು. ಇನಾಮದಾರರು ಎರಡು ಹೆಜ್ಜೆ ಹಿಂದೆ ಸರಿದರು. "ಛೆ ಛೆ, ಭಿಕ್ಷಾದ ರೊಕ್ಕ ನಾ ಹೆಂಗ ಮನಿಗೆ ಒಯ್ಯಲ್ರಿ? ಅಶುಭ ಅಲ್ಲೇನ್ರಿ? ನಮ್ಮ ಮನ್ಯಾಗ ಲಗ್ನ ಅದ." ಕೈ ತೊಳೆದುಕೊಂಡು, ಡ್ರೈವರನನ್ನು ಕೂಗಿ ಹೊರಟುಬಿಟ್ಟರು. ಜೋಳಿಗೆ ತಿರುಗಿ ನಮ್ಮ ಬಾಲ್ಕನಿಯ ಮೊಳೆಗೇ ಬಂತು. ಇಂದಿಗೂ ಮಂಡಳಿಯ ಸಭೆಗಳಲ್ಲಿ ಸಮಾಜಸೇವೆಯ ಮಾತು ಬಂದಾಗ ಆ ದಂಡದ ಕತೆ ಹೇಳುತ್ತಾರೆ. ಮೊಬೈಲಿನಲ್ಲಿ ರಸೀದಿಯ ಫೋಟೋ ಇನ್ನೂ ಇಟ್ಟುಕೊಂಡಿದ್ದಾರೆ. ಕೇಳಿದವರಿಗೆಲ್ಲ ತೋರಿಸುತ್ತಾರೆ.

ಕಾಕಾ ಫ್ಲ್ಯಾಟ್ ಮಾರಿ ಮಗಳ ಊರಿಗೆ ಹೋದರು. ಅಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡರೆಂದು ಮಗಳು ಫೋನು ಮಾಡಿ ಹೇಳಿದಳು. ನಾನು ಅವರನ್ನು ಕೊನೆಗೆ ನೋಡಿದ್ದು ಪುಣೆ ಬಿಟ್ಟ ದಿನ ಬೆಳಿಗ್ಗೆ. ಸಾಮಾನೆಲ್ಲ ಹಿಂದಿನ ದಿನವೇ ಟೆಂಪೋದಲ್ಲಿ ಹೋಗಿತ್ತು. ಜೋಳಿಗೆ ತೆಗೆದುಕೊಳ್ಳಲು ಬಂದರು. ಜೇಜುರಿಯಲ್ಲಿ ಇಳಿದು, ಅದನ್ನು ಗುಡ್ಡದ ಮೇಲೆ ಕೊಟ್ಟು, ಮುಂದೆ ಹೋಗುತ್ತೇನೆ ಎಂದರು. ಯಾವ ಗಾಡಿ ಎಂದೆ. "ಎಕ್ಸ್‌ಪ್ರೆಸ್. ರಿಸರ್ವೇಷನ್ ಮಾಡಸೇನಿ, ನನ್ನ ರೊಕ್ಕದಾಗ. ಇನ್ನ ಹರಕಿ ಎಲ್ಲಿ ಅದ?"

ಕೆಳಗೆ ಆಟೋ ನಿಂತಿತ್ತು. ಜೋಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲವರೆಗೆ ಹೋದವರು ತಿರುಗಿ ನಿಂತರು.

"ಆಕಿ ನಂಬಿದ್ಲಾ ಶೈಲಾ?"

"ನಂಬಿದ್ರು ಕಾಕಾ. ಅದಕ್ಕ ಅಲ್ಲೇನ್ರಿ ಅಷ್ಟ ಶಾಂತ ಹೋದ್ರು."

"ಹೂಂ." ಜೋಳಿಗೆಯ ಗಂಟು ಬಿಗಿ ಮಾಡಿದರು. "ಛಲೋ ಮಾಡಿದ್ರಿ ಅಂದ್ಲಲ್ಲ, ನನ್ನ ತಲಿ ಮ್ಯಾಲೆ ಕೈ ಇಟ್ಟು. ದಂಡ ತುಂಬಿದಂವಗ ಅಂದ ಮಾತದು. ತುಂಬಿದಂವ ನಾನಲ್ಲ. ಆ ಮಾತ ನಾ ಯಾರಿಗೆ ತಿರುಗಿ ಕೊಡ್ಲಿ?"

ಆಟೋದವನು ಹಾರ್ನ್ ಹೊಡೆದ. ಕಾಕಾ ಮೆಟ್ಟಿಲ ಕಂಬಿ ಹಿಡಿಯದೆ, ಜೋಳಿಗೆಯನ್ನು ಎದೆಗೆ ಅವಚಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದರು.